ಗೊದಮೊಟ್ಟೆಯ ಬಾಲ, ನನ್ನ ಹಲ್ಲು

ಕಳೆದ ಮಳೆಗಾಲದಲ್ಲಿ ಸೋಮವಾರಪೇಟೆಯ ಮನೆಗೆ ಹೋಗಿದ್ದೆ. ಚಕ್ಕುಲಿ ಕಡಿಯುವಾಗ ದವಡೆ ಹಲ್ಲಿನ ಫಿಲ್ಲಿಂಗ್ ಕಳಚಿ ಬಾಯಿಗೆ ಬಂತು. ಬೆಂಗಳೂರಲ್ಲಿ ಹಾಕಿಸಿ ಐದು ವರ್ಷವೂ ಆಗಿರಲಿಲ್ಲ. "ಅಷ್ಟೊಂದು ದುಡ್ಡು ತಗೊಂಡು ಸರಿಯಾಗಿ ಅಂಟಿಸಿಲ್ಲ ನೋಡು" ಅಂದಳು ಅಮ್ಮ. ನಾನೂ ಹಾಗೇ ಅಂದುಕೊಂಡೆ. ಊರಿನ ಡಾಕ್ಟ್ರು ಮಾತ್ರ, "ಅವರನ್ನ ಬೈಬೇಡಿ. ಅಂಟು ಹಿಡಿದ ಜಾಗವನ್ನ ಕೆಲವು ಸಲ ಹಲ್ಲೇ ಕರಗಿಸಿಬಿಡುತ್ತೆ" ಅಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಹಲ್ಲಿಗೆ ಅಂಟಿಸುವ ವಿದ್ಯೆ ಶುರುವಾಗಿದ್ದು 1955ರಲ್ಲಿ. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಸಿಡ್ ಬಳಿಯುತ್ತಿದ್ದರು. ಅಮೆರಿಕದ ಮೈಕೆಲ್ ಬ್ಯೂನೊಕೋರ್ ಅದನ್ನೇ ಹಲ್ಲಿನ ಎನಾಮಲ್ ಮೇಲೆ 30 ಸೆಕೆಂಡು ಬಳಿದು ನೋಡಿದ. ಎನಾಮಲ್ ಬಹುಪಾಲು ಖನಿಜ. ಒರಟಾದ ಮೇಲ್ಮೈಗೆ ಅಂಟು ಗಟ್ಟಿಯಾಗಿ ಕಚ್ಚಿಕೊಂಡಿತು.

ಕಷ್ಟ ಅದರ ಒಳಗಿನ ಡೆಂಟಿನ್‌ನದು. ಅದು ಒದ್ದೆ, ಖನಿಜದ ಜೊತೆ ಕೊಲಾಜನ್ ಎಳೆಗಳೂ ಇವೆ. ನಮ್ಮ ಚರ್ಮದಲ್ಲಿರುವ ಪ್ರೋಟೀನೇ ಇದು. ಅದು ಮೂರೆಳೆಯ ಹುರಿ ಅಂತ 1954ರಲ್ಲಿ ಮದ್ರಾಸಿನಿಂದ ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು.

1982ರಲ್ಲಿ ಜಪಾನಿನ ನಕಾಬಯಾಶಿ ದಾರಿ ತೋರಿಸಿದರು. ಆಸಿಡ್ ಖನಿಜವನ್ನು ತೊಳೆದರೆ ಕೊಲಾಜನ್ ಬಲೆ ಉಳಿಯುತ್ತದೆ. ಅದರೊಳಕ್ಕೆ ರೆಸಿನ್ ಇಳಿದು ಗಟ್ಟಿಯಾದರೆ ಹಲ್ಲು, ಅಂಟು ಎರಡೂ ಬೆರೆತ ಒಂದು ಪದರ. ಆದರೆ ರೆಸಿನ್ ಎಲ್ಲ ಕಡೆ ತಳದವರೆಗೆ ಇಳಿಯುವುದಿಲ್ಲ. ಅಲ್ಲಿ ಕೊಲಾಜನ್ ಬರಿಮೈಯಲ್ಲಿ, ನೀರಲ್ಲಿ ನಿಂತಿರುತ್ತದೆ.

ಅದನ್ನು ಕತ್ತರಿಸುವುದು ಯಾರು? ಉತ್ತರದ ಎಳೆ ಇದ್ದಿದ್ದು ಕಪ್ಪೆಮರಿಯಲ್ಲಿ. ಗದ್ದೆ ನೀರಲ್ಲಿ ಗೊದಮೊಟ್ಟೆ ಹಿಡಿದು ಬೆಳೆದವರಿಗೆ ಗೊತ್ತು, ಕಪ್ಪೆಯಾಗುವ ಹೊತ್ತಿಗೆ ಅದರ ಬಾಲ ಮಾಯ. 1962ರಲ್ಲಿ ಗ್ರಾಸ್ ಮತ್ತು ಲಾಪಿಯೇರ್ ಆ ಬಾಲದಲ್ಲೇ ಕೊಲಾಜನ್ ಕತ್ತರಿಸುವ ಕಿಣ್ವ ಕಂಡುಕೊಂಡರು. ಅದೇ ಕುಟುಂಬದ ಕಿಣ್ವಗಳು ನಮ್ಮ ಡೆಂಟಿನ್‌ನಲ್ಲೂ ಇವೆ. ಹಲ್ಲು ಮೂಡುವಾಗ ಹೂತುಹೋದ ಅವನ್ನು ಅಂಟಿಗಾಗಿ ಹಾಕುವ ಆಸಿಡ್ಡೇ ಎಬ್ಬಿಸುತ್ತದೆ.

2004ರಲ್ಲಿ ಡೇವಿಡ್ ಪ್ಯಾಶ್ಲಿ ಮತ್ತು ಸಂಗಡಿಗರು ಆಸಿಡ್ ತಾಗಿಸಿದ ಡೆಂಟಿನ್ ಅನ್ನು ಕೃತಕ ಜೊಲ್ಲಿನಲ್ಲಿ 250 ದಿನ ಇಟ್ಟರು. ಬ್ಯಾಕ್ಟೀರಿಯಾ ಇಲ್ಲದೆಯೂ ಕೊಲಾಜನ್ ಹೆಚ್ಚುಕಡಿಮೆ ಪೂರ್ತಿ ಹಾಳಾಗಿತ್ತು. ಕಿಣ್ವ ತಡೆಯುವ ರಾಸಾಯನಿಕ ಬೆರೆಸಿದ್ದಲ್ಲಿ ಉಳಿದಿತ್ತು. ಮೌತ್‌ವಾಶ್‌ನಲ್ಲಿರುವ ಕ್ಲೋರ್‌ಹೆಕ್ಸಿಡಿನ್ ಬಳಿದರೂ ಈ ಸವೆತ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ನನ್ನ ಫಿಲ್ಲಿಂಗ್ ಬಿದ್ದಿದ್ದು ಇದರಿಂದಲೇ ಅಂತ ಹೇಳಲಾರೆ. ಆದರೆ ಬೆಂಗಳೂರಿನ ಡಾಕ್ಟ್ರ ಬಗ್ಗೆ ಬರೆದಿಟ್ಟಿದ್ದ ಒಂದು ಸ್ಟಾರ್ ರಿವ್ಯೂ ಅಳಿಸಿದೆ. ಹೊಸ ಫಿಲ್ಲಿಂಗ್ ನೋಡಿ ಅಮ್ಮ, "ಇದು ಎಷ್ಟು ವರ್ಷ?" ಅಂದಳು. ಹಲ್ಲನ್ನೇ ಕೇಳಬೇಕು ಅಂದೆ.