ಪದಕದ ಎರಡು ಮುಖಗಳು

ತಿಪ್ಪಸಂದ್ರ ಹೋಬಳಿಯನ್ನು ಒಳಗೊಂಡ ಮಾಗಡಿ ತಾಲ್ಲೂಕಿನಲ್ಲಿ ಸಾವನದುರ್ಗದ ಹೆಸರನ್ನು ಕೇಳದವರಿಲ್ಲ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರ ಡಿಸೆಂಬರ್ 10ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಮುತ್ತಿ, 21ರಂದು ವಶಪಡಿಸಿಕೊಂಡಿತು. ಕತ್ತಿಯ ಬೆನ್ನಿಗೇ ಕುಂಚವೂ ಬಂದಿತು. ಸೈನ್ಯದೊಡನೆ ಸಂಚರಿಸಿದ ಚಿತ್ರಕಾರ ರಾಬರ್ಟ್ ಹೋಮ್ ರಚಿಸಿದ ಸಾವನದುರ್ಗವೇ ಮೊದಲಾದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಗ್ರಂಥರೂಪವನ್ನು ಪಡೆದವು.

ಆ ಶತಮಾನದ ಬ್ರಿಟನ್ನಿನಲ್ಲಿ ಸೇನಾನಿಗಳ ಕಿರುಚಿತ್ರಗಳಿಗೆ ವಿಶೇಷ ಆದರವಿದ್ದಿತು. ಆನೆಯ ದಂತದ ತೆಳುವಾದ ಹಾಳೆಯ ಮೇಲೆ ನೀರುಬಣ್ಣದಿಂದ ಮುಖವನ್ನು ಬರೆದು, ಚಿನ್ನದ ಚೌಕಟ್ಟಿನಲ್ಲಿರಿಸಿ ಆಭರಣದಂತೆ ಧರಿಸುತ್ತಿದ್ದರು. ದಂತದ ಹೊಳಪು ಮುಖದ ಬಣ್ಣಕ್ಕೆ ಜೀವಕಳೆಯನ್ನು ನೀಡುತ್ತಿತ್ತು. ಈ ಕಲೆಯಲ್ಲಿ ಹೆಸರಾದ ಜಾನ್ ಸ್ಮಾರ್ಟ್ 1785ರಿಂದ 1795ರವರೆಗೆ ಮದರಾಸಿನಲ್ಲಿ ನೆಲೆಸಿದ್ದನು. 1792ರಲ್ಲಿ ಅವನು ಕಾರ್ನ್‌ವಾಲಿಸನ ರೂಪವನ್ನೂ ಚಿತ್ರಿಸಿದನು.

ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಯುದ್ಧವು ಮುಗಿಯಿತು. ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಟಿಪ್ಪು ಸುಲ್ತಾನನು ಒಪ್ಪಬೇಕಾಯಿತು. ಮಾತು ನಡೆಯುವುದೆಂಬುದಕ್ಕೆ ಒತ್ತೆಯಾಗಿ ಅವನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜ಼ುದ್ದೀನರು ಫೆಬ್ರವರಿ 26ರಂದು ಶತ್ರುಶಿಬಿರಕ್ಕೆ ಬಂದರು. ಹಿರಿಯವನಿಗೆ ಸುಮಾರು ಹತ್ತು ವರ್ಷ, ಕಿರಿಯವನಿಗೆ ಸುಮಾರು ಎಂಟು. ಕಾರ್ನ್‌ವಾಲಿಸನು ಅವರನ್ನು ಅಪ್ಪಿಕೊಂಡು, ಒಬ್ಬೊಬ್ಬರಿಗೂ ಚಿನ್ನದ ಗಡಿಯಾರವನ್ನು ಕೊಟ್ಟನು. ಬಾಲಕರನ್ನು ಮದರಾಸಿಗೆ ಕರೆದೊಯ್ಯಲಾಯಿತು. ಅವರು ತಂದೆಯ ಬಳಿಗೆ ಮರಳಿದುದು 1794ರಲ್ಲಿ.

ಈ ಘಟನೆಯನ್ನು ಹೋಮ್ ಮೊದಲಾದವರು ದೊಡ್ಡ ಚಿತ್ರಗಳಲ್ಲಿ ಬರೆದರೆ, ಬರ್ಮಿಂಗ್‌ಹ್ಯಾಮಿನ ಬಳಿಯ ಸೋಹೋದಲ್ಲಿದ್ದ ಮ್ಯಾಥ್ಯೂ ಬೌಲ್ಟನ್‌ನ ಟಂಕಸಾಲೆಯು ಅದನ್ನು ಅಂಗೈಯಲ್ಲಿ ಅಡಗುವ ಪದಕವನ್ನಾಗಿಸಿತು. ಅದರ ಅಚ್ಚನ್ನು ಕೊರೆದವನು ಕ್ಯೂಕ್ಲರ್. ಒಂದು ಮುಖದಲ್ಲಿ ಸೇನಾನಿಯ ಉಡುಪಿನ ಕಾರ್ನ್‌ವಾಲಿಸನ ಎದೆಮಟ್ಟದ ರೂಪವಿದೆ. ಇನ್ನೊಂದರಲ್ಲಿ ಅವನು ಬಾಲಕರನ್ನು ಬರಮಾಡಿಕೊಳ್ಳುವ ದೃಶ್ಯ. ಅದರ ಸುತ್ತ, ಶತ್ರುವನ್ನು ಮನ್ನಿಸುವುದು ಧರ್ಮಸಮ್ಮತವಾಗಲಿ ಎಂಬರ್ಥದ ಲ್ಯಾಟಿನ್ ಬರಹವಿದೆ. ವಿಜೇತನ ಹೆಸರೂ ಪರಾಜಿತನ ಹೆಸರೂ ಅದರಲ್ಲಿವೆ, ಬಾಲಕರ ಹೆಸರುಗಳಿಲ್ಲ.

ಕ್ಷಮೆಯು ವೀರನಿಗೆ ಭೂಷಣವೆಂಬ ಮಾತು ಜೈನ ಮನೆಗಳಲ್ಲಿ ರೂಢಿಯಾಗಿದೆ. ಅದನ್ನು ಒರೆಗಲ್ಲಾಗಿ ಹಿಡಿದರೆ ಈ ಪದಕದ ನಿಜಸ್ವರೂಪ ತಿಳಿಯುತ್ತದೆ. ಕಾರ್ನ್‌ವಾಲಿಸನ ವಾತ್ಸಲ್ಯವನ್ನು ಕಪಟವೆನ್ನಲು ಕಾರಣವಿಲ್ಲ. ಆದರೆ ನಾಡಿನ ಅರ್ಧವನ್ನೂ ಧನವನ್ನೂ ಪಡೆದು, ಮಕ್ಕಳನ್ನೂ ಒತ್ತೆಯಿರಿಸಿಕೊಂಡ ಬಳಿಕ ತೋರಿದ ದಯೆಯು ಕ್ಷಮೆಯೆನಿಸಲಾರದು. ಅದು ಒಪ್ಪಂದದ ಮೇಲಿನ ಮೆರುಗು ಮಾತ್ರ. ಕ್ಷಮೆಯು ಒತ್ತೆಯನ್ನು ಬೇಡುವುದಿಲ್ಲ. ಅದು ತನ್ನನ್ನು ಲೋಹದಲ್ಲಿ ಅಚ್ಚೊತ್ತಿಸಿ ಹಂಚಿಕೊಳ್ಳುವುದೂ ಇಲ್ಲ.

ದಾನಶಾಸನಗಳನ್ನೂ ದಾನಿಗಳ ಭಾವಚಿತ್ರಗಳನ್ನೂ ಕಾಪಾಡುತ್ತಿರುವ ಬಸದಿಗಳಿಗೂ ಇದು ವಿಚಾರಾರ್ಹ. ಕೆತ್ತಿದ ಹೆಸರಿನ ಹಿಂದೆ ಕೆತ್ತದೆ ಉಳಿದವರು ಯಾರೆಂದು ಕೇಳುವುದು ಇತಿಹಾಸದ ಕರ್ತವ್ಯ. ಅದು ಧರ್ಮದ ಕರ್ತವ್ಯವೂ ಹೌದು.