ವಿದೇಶಗಳಲ್ಲಿ ಸ್ವಯಂಸೇವಕ ಇಂಗ್ಲಿಷ್ ಬೋಧನೆ

ಊಟ-ವಸತಿಗೆ ಸಾಲುವಷ್ಟು ಭತ್ಯೆ ಪಡೆದು, ಇಲ್ಲವೇ ಆ ಖರ್ಚನ್ನೂ ತಾವೇ ಭರಿಸಿ, ಪರದೇಶದ ಬಡಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸೇವೆ. 1901ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಫಿಲಿಪ್ಪೀನ್ಸಿಗೆ ಬಂದಿಳಿದ ಅಮೆರಿಕದ ಶಿಕ್ಷಕರನ್ನು ಇದರ ಪೂರ್ವಿಕರೆಂದು ಗಣಿಸುವುದುಂಟಾದರೂ, ಅವರು ಆಳುವ ಸರ್ಕಾರದ ಸಂಬಳದ ನೌಕರರಾಗಿದ್ದುದರಿಂದ ಆ ಹೋಲಿಕೆ ಅಷ್ಟಾಗಿ ಸಲ್ಲದು.

ಸಂಘಟಿತ ಸೇವೆ ಆರಂಭವಾದದ್ದು ವಸಾಹತುಗಳು ಸ್ವತಂತ್ರವಾಗುತ್ತಿದ್ದ ಕಾಲದಲ್ಲಿ. ಬ್ರಿಟನ್ನಿನಲ್ಲಿ ಅಲೆಕ್ ಡಿಕ್ಸನ್ 1958ರಲ್ಲಿ ಸ್ಥಾಪಿಸಿದ ‘ವಾಲಂಟರಿ ಸರ್ವಿಸ್ ಓವರ್‌ಸೀಸ್’ ಸಂಸ್ಥೆ ಮೊದಲಿಗೆ ಶಾಲೆ ಮುಗಿಸಿದ ತರುಣರನ್ನೂ 1962ರಿಂದ ಪದವೀಧರರನ್ನೂ ಕಳುಹಿಸಿತು. 1961ರ ಮಾರ್ಚ್ 1ರಂದು ಅಧ್ಯಕ್ಷ ಕೆನಡಿಯವರ ಆಜ್ಞೆಯಿಂದ ಹುಟ್ಟಿದ ಅಮೆರಿಕದ ‘ಪೀಸ್ ಕೋರ್’ನ ಮೊದಲ ತಂಡ ಅದೇ ಆಗಸ್ಟಿನಲ್ಲಿ ಘಾನಾ ತಲುಪಿತು, ಅದರ 51 ಮಂದಿಯೂ ಪ್ರೌಢಶಾಲೆಗಳಿಗೆ ನಿಯೋಜಿತರಾಗಿದ್ದವರು. ಮರುವರ್ಷ ಇಥಿಯೋಪಿಯಾಕ್ಕೆ ಸುಮಾರು 300 ಶಿಕ್ಷಕರು ಹೋದರು. ಅಲ್ಲಿ ಪ್ರೌಢಶಿಕ್ಷಣದ ಮಾಧ್ಯಮವೇ ಇಂಗ್ಲಿಷ್ ಆಗಿದ್ದು, ಪದವಿ ಪಡೆದ ಸ್ಥಳೀಯ ಶಿಕ್ಷಕರು ವಿರಳವಾಗಿದ್ದುದರಿಂದ, ಬಂದವರಿಗೆ ಮೊದಲ ದಿನದಿಂದಲೇ ನಿಶ್ಚಿತವಾದ ತರಗತಿ, ಪಠ್ಯ ಮತ್ತು ಹೊಣೆಗಳಿದ್ದವು. ಫಿಲಿಪ್ಪೀನ್ಸಿನ ಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು: ತರಬೇತಿ ಪಡೆದ ಶಿಕ್ಷಕರು ಆಗಲೇ ಇದ್ದ ಪ್ರಾಥಮಿಕ ಶಾಲೆಗಳಿಗೆ ‘ಬೋಧನಾ ಸಹಾಯಕ’ರೆಂದು ಸೇರಿದ ತರುಣರಿಗೆ, ಮಾಡಬೇಕಾದ ಕೆಲಸ ಯಾವುದೆಂಬುದೇ ಬಹುಕಾಲ ಸ್ಪಷ್ಟವಾಗಲಿಲ್ಲ. ಸ್ವಯಂಸೇವಕರ ಉತ್ಸಾಹಕ್ಕಿಂತ ಆತಿಥೇಯ ದೇಶದ ಕೊರತೆಯೇ ಈ ಸೇವೆಯ ಫಲವನ್ನು ನಿರ್ಧರಿಸಿತೆಂಬುದನ್ನು ಈ ಎರಡು ಪ್ರಕರಣಗಳು ತೋರಿಸುತ್ತವೆ. ಭಾರತದಲ್ಲಿ 1961ರಿಂದ 1976ರವರೆಗೆ ಇದ್ದ ಪೀಸ್ ಕೋರ್, ಬೋಧನೆಗಿಂತ ಕೃಷಿ ಮತ್ತು ಕೋಳಿಸಾಕಣೆಗಳಿಗೆ ಹೆಚ್ಚು ಹೆಸರಾಯಿತು.

ತೀಕ್ಷ್ಣವಾದ ಆಕ್ಷೇಪ ಕೇಳಿಬಂದದ್ದು 1968ರಲ್ಲಿ. ಮೆಕ್ಸಿಕೊದಲ್ಲಿ ಸೇವೆಗೆ ಸಿದ್ಧರಾಗಿದ್ದ ಅಮೆರಿಕದ ವಿದ್ಯಾರ್ಥಿಗಳೆದುರು ಮಾತನಾಡಿದ ಚಿಂತಕ ಇವಾನ್ ಇಲಿಚ್, ಸದುದ್ದೇಶವೂ ಹೇರಿಕೆಯಾಗಬಲ್ಲದೆಂದು ವಾದಿಸಿ, ನೋಡಲು, ಕಲಿಯಲು ಬರಬಹುದೇ ಹೊರತು ನೆರವಾಗಲೆಂದು ಬರಬಾರದೆಂದು ಹೇಳಿದರು. ಸೇವೆಯ ಆರ್ಥಿಕ ಸ್ವರೂಪ ಬದಲಾದದ್ದು ಆಮೇಲೆ. ಹಾರ್ವರ್ಡ್ ವಿದ್ಯಾರ್ಥಿಗಳು 1986ರಲ್ಲಿ ಕಟ್ಟಿ, ಕೆನ್ಯಾದಿಂದ ಕೆಲಸ ಆರಂಭಿಸಿದ ‘ವರ್ಲ್ಡ್‌ಟೀಚ್’ನಂಥ ಸಂಸ್ಥೆಗಳಲ್ಲಿ ಸ್ವಯಂಸೇವಕರೇ ಶುಲ್ಕ ತೆರುತ್ತಿದ್ದರು. 1990ರ ದಶಕದಿಂದೀಚೆಗೆ ಪ್ರವಾಸೋದ್ಯಮ ಇದೇ ಮಾದರಿಯನ್ನು ವಿಸ್ತರಿಸಿತು. ಎರಡು ವರ್ಷಗಳ ಸೇವೆ ಎರಡು ವಾರಗಳಿಗೆ ಇಳಿದು, ಮಕ್ಕಳು ಹೊಸ ಶಿಕ್ಷಕರೊಡನೆ ಅಕ್ಷರಮಾಲೆಯನ್ನು ಮತ್ತೆ ಮತ್ತೆ ಮೊದಲಿಂದ ಕಲಿಯುವಂತಾಯಿತು. ಕಾಂಬೋಡಿಯ, ನೇಪಾಳಗಳಲ್ಲಿ ಇಂಥ ಅತಿಥಿಗಳ ಹಣಕ್ಕಾಗಿ ಅನಾಥಾಲಯಗಳು ಹೆಚ್ಚಿದವು. ಅಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದರು.

ಇತ್ತ ಡಿಕ್ಸನ್ನರ ಸಂಸ್ಥೆ ಅನುಭವಿ ವೃತ್ತಿಪರರನ್ನು ಕಳುಹಿಸಿ ಸ್ಥಳೀಯ ಶಿಕ್ಷಕರಿಗೇ ತರಬೇತಿ ಕೊಡುವತ್ತ ಹೊರಳಿ, ಹಿಂದೆ ಸ್ವಯಂಸೇವಕರನ್ನು ಬರಮಾಡಿಕೊಳ್ಳುತ್ತಿದ್ದ ಕೆನ್ಯಾ, ಫಿಲಿಪ್ಪೀನ್ಸ್‌ಗಳಿಂದಲೂ ಅವರನ್ನು ಆಯ್ದುಕೊಳ್ಳತೊಡಗಿತು.