ಸೆಮಿಸ್ಟರ್ ಮತ್ತು ಕ್ವಾರ್ಟರ್ ಪದ್ಧತಿಗಳು

ಸೆಮಿಸ್ಟರ್ ಪದ್ಧತಿ ಮತ್ತು ಕ್ವಾರ್ಟರ್ ಪದ್ಧತಿಗಳು ಕಾಲೇಜು ಹಾಗೂ ವಿಶ್ವವಿದ್ಯಾಲಯಗಳ ಶೈಕ್ಷಣಿಕ ವರ್ಷವನ್ನು ವಿಭಾಗಿಸುವ ಎರಡು ಕ್ರಮಗಳಾಗಿವೆ. ಮೊದಲನೆಯದರಲ್ಲಿ ವರ್ಷಕ್ಕೆ ಎರಡು ಪ್ರಧಾನ ಅವಧಿಗಳಿದ್ದರೆ, ಎರಡನೆಯದರಲ್ಲಿ ವರ್ಷವು ನಾಲ್ಕು ಭಾಗಗಳಾಗುತ್ತದೆ. ಅವುಗಳಲ್ಲಿ ಬೇಸಿಗೆಯ ಭಾಗವು ಸಾಮಾನ್ಯವಾಗಿ ಐಚ್ಛಿಕವಾಗಿರುತ್ತದೆ. ತುಮಕೂರು, ಗುಬ್ಬಿ ಮತ್ತು ಕುಣಿಗಲ್‌ಗಳ ಪದವಿ ಕಾಲೇಜುಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಸೆಮಿಸ್ಟರ್ ಪದ್ಧತಿಯನ್ನು ಅನುಸರಿಸುತ್ತವೆ.

ಕಾಲವಿಭಾಗ

‘ಸೆಮಿಸ್ಟರ್’ ಎಂಬುದು ‘ಆರು ತಿಂಗಳು’ ಎಂಬ ಅರ್ಥವುಳ್ಳ ಲ್ಯಾಟಿನ್ ಮೂಲದಿಂದ ಬಂದ ಪದ. ಭಾರತದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿಯಂತೆ ಒಂದು ಸೆಮಿಸ್ಟರ್ 15ರಿಂದ 18 ವಾರಗಳ, ಅಂದರೆ 90 ಬೋಧನಾ ದಿನಗಳ ಅವಧಿಯಾಗಿದೆ. ಬೆಸ ಸೆಮಿಸ್ಟರ್ ಜುಲೈನಿಂದ ಡಿಸೆಂಬರ್‌ವರೆಗೆ, ಸಮ ಸೆಮಿಸ್ಟರ್ ಜನವರಿಯಿಂದ ಜೂನ್‌ವರೆಗೆ ನಡೆಯಬಹುದು. ಕ್ವಾರ್ಟರ್ ಒಂದರಲ್ಲಿ ಸುಮಾರು 10 ವಾರಗಳ ಬೋಧನೆ ಇರುತ್ತದೆ. ವರ್ಷಕ್ಕೆ ಮೂರು ಅವಧಿಗಳಿರುವ ಟ್ರೈಮಿಸ್ಟರ್ ಕ್ರಮವು ಇದಕ್ಕೆ ಹತ್ತಿರವಾದುದು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವು ಇಂತಹ ಆರು ಅವಧಿಗಳಲ್ಲಿ ನಡೆಯುತ್ತದೆ.

ಇತಿಹಾಸ

ಕ್ವಾರ್ಟರ್ ಪದ್ಧತಿಯು 1890ರ ದಶಕದಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ, ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅವರ ಕಾಲದಲ್ಲಿ ಆರಂಭವಾಯಿತು. ಕೆಲವು ಸಂಸ್ಥೆಗಳು ಅನಂತರ ಅದನ್ನು ಕೈಬಿಟ್ಟಿವೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯವು 2012ರಲ್ಲಿ ಸೆಮಿಸ್ಟರ್ ಪದ್ಧತಿಗೆ ಬದಲಾಯಿತು.

ಭಾರತದಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948–49) ಪರೀಕ್ಷಾ ದಿನಗಳನ್ನು ಬಿಟ್ಟು ವರ್ಷಕ್ಕೆ ಕನಿಷ್ಠ 180 ಕೆಲಸದ ದಿನಗಳಿರಬೇಕೆಂದೂ, ವರ್ಷವು ತಲಾ 11 ವಾರಗಳ ಮೂರು ಅವಧಿಗಳಾಗಬೇಕೆಂದೂ ಶಿಫಾರಸು ಮಾಡಿತ್ತು. ಆದರೆ ವರ್ಷಾಂತ್ಯದ ಒಂದೇ ಪರೀಕ್ಷೆಯ ಕ್ರಮವು ಬಹುಕಾಲ ಮುಂದುವರಿದು, ಅದರ ಸ್ಥಾನಕ್ಕೆ ಕ್ರಮೇಣ ಸೆಮಿಸ್ಟರ್ ಪದ್ಧತಿ ಬಂದಿತು.

ತುಮಕೂರು ಜಿಲ್ಲೆಯಲ್ಲಿ

ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಯ ಪದವಿ ಕಾಲೇಜುಗಳು 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಗುಬ್ಬಿ ಮತ್ತು ಕುಣಿಗಲ್‌ಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಈ ವಿಶ್ವವಿದ್ಯಾಲಯದ ವೇಳಾಪಟ್ಟಿಯನ್ನು ಪಾಲಿಸುತ್ತವೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ (1963) ಮತ್ತು ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯ (2001) ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಅವುಗಳಲ್ಲಿ ಮೊದಲನೆಯದು ಸ್ವಾಯತ್ತ ಸಂಸ್ಥೆ.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಗೆ ಅವಕಾಶ ನೀಡಲಾಯಿತು. 2024–25ರಿಂದ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು. ಪಠ್ಯಕ್ರಮವು ಹೀಗೆ ಎರಡು ಬಾರಿ ಬದಲಾದರೂ ಸೆಮಿಸ್ಟರ್ ವಿಭಾಗವು ಹಾಗೆಯೇ ಉಳಿಯಿತು. ಪದವಿಪೂರ್ವ ಹಂತದಲ್ಲಿ ಮಾತ್ರ ವಾರ್ಷಿಕ ಪದ್ಧತಿ ಇದೆ. ಆದ್ದರಿಂದ ಪಿಯುಸಿ ಮುಗಿಸಿ ಬರುವ ವಿದ್ಯಾರ್ಥಿಗಳು ಸೆಮಿಸ್ಟರ್‌ನ ವೇಗವನ್ನು ಮೊದಲು ಎದುರಿಸುವುದು ಪದವಿ ತರಗತಿಯಲ್ಲಿಯೇ.

ಹೋಲಿಕೆ

ಕ್ವಾರ್ಟರ್ ಪದ್ಧತಿಯಲ್ಲಿ ವಿದ್ಯಾರ್ಥಿಯು ಒಮ್ಮೆಗೆ ಕಡಿಮೆ ವಿಷಯಗಳನ್ನು ತೀವ್ರವಾಗಿ ಓದುತ್ತಾನೆ. ವರ್ಷದಲ್ಲಿ ಹೆಚ್ಚು ಬಗೆಯ ವಿಷಯಗಳನ್ನು ಆರಿಸಿಕೊಳ್ಳಬಹುದು. ಒಂದು ವಿಷಯದಲ್ಲಿ ಅನುತ್ತೀರ್ಣನಾದರೂ ಮುಂದಿನ ಅವಧಿ ಬೇಗ ಬರುತ್ತದೆ. ಆದರೆ ಒಂದು ವಾರದ ಗೈರುಹಾಜರಿಯು ಕ್ವಾರ್ಟರ್‌ನಲ್ಲಿ ಪಾಠದ ಹತ್ತನೆಯ ಒಂದು ಭಾಗವನ್ನೂ, 15 ವಾರಗಳ ಸೆಮಿಸ್ಟರ್‌ನಲ್ಲಿ ಹದಿನೈದನೆಯ ಒಂದು ಭಾಗವನ್ನೂ ಕಳೆಯುತ್ತದೆ. ಕರ್ನಾಟಕದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಕೊನೆಯ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಪದವಿಗೆ ತಡವಾಗಿ ಸೇರುವುದುಂಟು. ಅಂಥವರಿಗೆ ದೀರ್ಘವಾದ ಸೆಮಿಸ್ಟರ್ ಹೆಚ್ಚು ಕಾಲಾವಕಾಶ ನೀಡುತ್ತದೆ.

ಎರಡು ಪದ್ಧತಿಗಳ ಮುಖ್ಯ ಅಂತರವು ಪರೀಕ್ಷೆ ನಡೆಸುವ ಬಗೆಯಲ್ಲಿದೆ. ಅಮೆರಿಕದಲ್ಲಿ ಪಾಠ ಹೇಳಿದ ಅಧ್ಯಾಪಕರೇ ಪ್ರಶ್ನೆಪತ್ರಿಕೆ ರಚಿಸಿ ಅಂಕ ನೀಡುವುದರಿಂದ, ಅವಧಿ ಮುಗಿದ ಕೆಲವೇ ದಿನಗಳಲ್ಲಿ ಫಲಿತಾಂಶ ದೊರೆಯುತ್ತದೆ. ಸಂಯೋಜಿತ ಕಾಲೇಜುಗಳಲ್ಲಿ ಆಂತರಿಕ ಮೌಲ್ಯಮಾಪನವಷ್ಟೇ ಕಾಲೇಜಿನದು. ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ ವಿಶ್ವವಿದ್ಯಾಲಯವೇ ಸಮಾನ ಪ್ರಶ್ನೆಪತ್ರಿಕೆ ಸಿದ್ಧಪಡಿಸಿ, ಉತ್ತರಪತ್ರಿಕೆಗಳನ್ನು ಸಂಗ್ರಹಿಸಿ, ಮೌಲ್ಯಮಾಪನ ಮತ್ತು ಮರುಮೌಲ್ಯಮಾಪನ ನಡೆಸಬೇಕು. ಈ ಕೆಲಸವನ್ನು ವರ್ಷಕ್ಕೆ ಎರಡರ ಬದಲು ಮೂರು ಬಾರಿ ಮಾಡಬೇಕಾದರೆ ಬೋಧನೆಯ ದಿನಗಳು ಪರೀಕ್ಷೆಗೆ ಹೋಗುತ್ತವೆ. ಹಿಂದಿನ ಫಲಿತಾಂಶ ತಿಳಿಯುವ ಮೊದಲೇ ಮುಂದಿನ ಅವಧಿಯ ಬಹುಭಾಗ ಕಳೆದುಹೋಗಬಹುದು. ಹಾಗಾಗಿ ಅವಧಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಸಂಯೋಜಿತ ಕಾಲೇಜುಗಳಿಗಿಂತ ಸ್ವಾಯತ್ತ ಸಂಸ್ಥೆಗಳಿಗೆ ಸುಲಭ.

ಕ್ರೆಡಿಟ್ ಪರಿವರ್ತನೆ

ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳುವವರಿಗೆ ಈ ವ್ಯತ್ಯಾಸವು ಪ್ರಾಯೋಗಿಕವಾಗಿ ಮಹತ್ವದ್ದು. ಅಮೆರಿಕದಲ್ಲಿ 1 ಸೆಮಿಸ್ಟರ್ ಕ್ರೆಡಿಟ್ 1.5 ಕ್ವಾರ್ಟರ್ ಕ್ರೆಡಿಟ್‌ಗೆ ಸಮ. ಅಲ್ಲಿನ ಸ್ನಾತಕ ಪದವಿಗೆ ಸಾಮಾನ್ಯವಾಗಿ ಬೇಕಾಗುವ 120 ಸೆಮಿಸ್ಟರ್ ಕ್ರೆಡಿಟ್‌ಗಳು 180 ಕ್ವಾರ್ಟರ್ ಕ್ರೆಡಿಟ್‌ಗಳಾಗುತ್ತವೆ. ಇದೇ ಲೆಕ್ಕದಲ್ಲಿ 4 ಸೆಮಿಸ್ಟರ್ ಕ್ರೆಡಿಟ್‌ಗಳ ವಿಷಯವೊಂದು 6 ಕ್ವಾರ್ಟರ್ ಕ್ರೆಡಿಟ್‌ಗಳಷ್ಟಾಗುತ್ತದೆ. ಇದು ಲೆಕ್ಕದ ಸಮಾನತೆ ಮಾತ್ರ. ಭಾರತದ ಕ್ರೆಡಿಟ್‌ಗಳನ್ನು ಎಷ್ಟರಮಟ್ಟಿಗೆ ಮಾನ್ಯ ಮಾಡಬೇಕೆಂಬುದು ಪ್ರವೇಶ ನೀಡುವ ವಿಶ್ವವಿದ್ಯಾಲಯದ ನಿರ್ಧಾರಕ್ಕೆ ಒಳಪಟ್ಟಿದೆ.